ಬೆಂಕಿಯ ಬದಿಗೆ ಇಟ್ಟ ತಟ್ಟೆ

"ಮುದುಕೀನ ಇವತ್ತೇ ಠಾಣೆಗೆ ಕರ್ಕೊಂಡ್ಬಾ ಹಮ್ಮಾದಿ. ಊಟ ಮುಗಿಯೋವರೆಗೂ ಬೇಕಾದ್ರೆ ಸುಮ್ನಿರು, ಪರದೇಶದವರ ಎದುರಿಗೆ ರಂಪ ಬೇಡ. ಕಡೇ ಚಹಾ ಆದ್ಮೇಲೆ ಮಾತ್ರ ಒಂದು ಗಳಿಗೇನೂ ತಡ ಮಾಡ್ಬೇಡ."

ಕಮಿಷನರು ಫೋನ್ ಇಟ್ಟರು.

ಇನ್ಸ್‌ಪೆಕ್ಟರ್ ಹಮ್ಮಾದಿ ಮೊಬೈಲನ್ನು ಜೇಬಿಗೆ ತುರುಕಿ, ಮುಂದೆ ಬಂದಿದ್ದ ಹಿತ್ತಾಳೆ ಬೋಗುಣಿಯ ಮೇಲೆ ಕೈಯೊಡ್ಡಿದ. ಕಿತ್ತಳೆ ಹೂವಿನ ಘಮವಿದ್ದ ಬೆಚ್ಚನೆಯ ನೀರು ಬೆರಳುಗಳ ಮೇಲೆ ಇಳಿಯಿತು. ಬುದ್ಧಿ ಬಂದಾಗಿನಿಂದ ಇದೇ ಅಂಗಳದಲ್ಲಿ ಕೈ ತೊಳೆದು ಉಣ್ಣಲು ಕೂತವನು ಅವನು. ಇವತ್ತು ಬಂದದ್ದು ಮಾತ್ರ ಅಲ್ಲಿನವರೊಬ್ಬರನ್ನು ಬಂಧಿಸಲು.

ಮರ್ರಾಕೇಶ್ ಪಟ್ಟಣದಾಚೆ, ಖರ್ಜೂರದ ತೋಪಿನ ಅಂಚಿಗಿರುವ, ಪ್ರವಾಸಿಗಳಿಗೆ ಊಟ, ಆಟ ನಡೆಸುವ ದಾರ್ ತಿಫಾವಿನ್ ಮನೆಯಲ್ಲಿ ಲಾಂದ್ರಗಳನ್ನು ಹಚ್ಚಿ ಆಗಿತ್ತು. ದೊಡ್ಡ ಡೇರೆಯೊಳಗೆ ಪ್ರವಾಸಿಗಳು ದಿಂಬಿಗೊರಗಿ ಕೂತಿದ್ದರು. ಹೊರಗೆ ತಮಟೆಗಳನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದ ಸದ್ದು ಆಗಾಗ ಕೇಳುತ್ತಿತ್ತು.

ಗುರುವಾರದ ಸಂಜೆ ಇದೇ ಡೇರೆಯಲ್ಲಿ, ಇದೇ ಅತಿಥಿಗಳಿಗೆ ಚಹಾ ಸುರಿಯುತ್ತಿದ್ದ ಮನೆಯ ಯಜಮಾನ, ಎಲ್ಲರೂ ಗೌರವದಿಂದ ಸಿ ಮುಲೂದ್ ಎಂದು ಕರೆಯುವವರು, ಕುಸಿದು ಬಿದ್ದಿದ್ದರು. ರಕ್ತದಲ್ಲಿ ಕಣಗಿಲೆಯ ವಿಷ ಎಂದರು ವೈದ್ಯರು. ಮುಲೂದರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಡುಗೆಮನೆಯ ಮುದುಕಿ ಲಾಲ್ಲಾ ತಮೂಳ ಮಾಚಿಪತ್ರೆ ಬುಟ್ಟಿಯ ತಳದಲ್ಲಿ ಬಾರ್ಲಿ ಹೊಟ್ಟು ಅಂಟಿದ ಕಣಗಿಲೆ ಎಲೆಗಳು ಸಿಕ್ಕಿದ್ದವು. ಚಳಿಗಾಲದ ಚಹಾಕ್ಕೆ ಮಾಚಿಪತ್ರೆ ಹಾಕುವುದು ಈ ಸೀಮೆಯ ರೂಢಿ. ಅದರ ಕಹಿಯಲ್ಲಿ ಕಣಗಿಲೆಯ ಕಹಿ ಗೊತ್ತಾಗುವುದಿಲ್ಲ. ಯಜಮಾನರ ಲೋಟಕ್ಕೆ ಮಾತ್ರ ಬಿದ್ದಿರಬೇಕು ಎಂದುಕೊಂಡ ಕಮಿಷನರಿಗೆ ಅಷ್ಟು ಸಾಕಾಗಿತ್ತು.

ಮುಲೂದರ ತಮ್ಮ ಜಿಲಾಲಿ ಡೇರೆಯ ನಡುವೆ ಬಂದು ನಿಂತ. ಕುದುರೆ ಲಾಯದ ಹೊಣೆ ಹೊತ್ತ ಗಟ್ಟಿಮುಟ್ಟಾದ ಆಳು ಅವನು. ಎದೆಯ ಮೇಲೆ ಬಲಗೈ ಇಟ್ಟುಕೊಂಡು ಹೇಳಿದ:

"ಈ ಮನೇಲಿ ದಿನಾ ಊಟ ನಡೆಯುತ್ತೆ. ಇವತ್ತಿನದು ಆ ಲೆಕ್ಕದ್ದಲ್ಲ. ನನ್ನ ಅಣ್ಣನ ಉಸಿರು ಉಳಿದದ್ದು ಈ ತಾಯಿ ಕೈಯಿಂದ. ಉಪಕಾರ ಮಾಡಿದವರಿಗೆ ನಾವು ಹೇಳೋದು ಒಂದೇ ಮಾತು. ನಿಮ್ಮನ್ನ ಹೆತ್ತವರಿಗೆ ದೇವರು ಕರುಣೆ ತೋರಲಿ."

ಹಮ್ಮಾದಿಯ ಪಕ್ಕದಲ್ಲಿ ಕೂತಿದ್ದ ಇನೆಸ್ ನಾಚಿ ಕೆಂಪಾದಳು. ಪೋರ್ಚುಗಲ್ಲಿನ ನಿವೃತ್ತ ನರ್ಸ್ ಆಕೆ. ಗುರುವಾರ ಎಲ್ಲರೂ ಹೃದಯಾಘಾತ ಎಂದು ಕೂಗಾಡುತ್ತಿದ್ದಾಗ ನಾಡಿ ಹಿಡಿದು, ರೆಪ್ಪೆ ಬಿಡಿಸಿ ನೋಡಿ, "ಇದು ವಿಷ, ಆಸ್ಪತ್ರೆಯವರಿಗೆ ವಿಷ ಅಂತಲೇ ಹೇಳಿ" ಎಂದು ಪಟ್ಟು ಹಿಡಿದವಳು. ಗಾಡಿಯಲ್ಲಿ ದಾರಿಯುದ್ದಕ್ಕೂ ಅವರ ಎದೆ ಒತ್ತುತ್ತ ಹೋದವಳೂ ಅವಳೇ.

"ನಾನು ಮಾಡಿದ್ದು ನನ್ನ ಕೆಲಸ ಅಷ್ಟೇ," ಎಂದಳು ಹಮ್ಮಾದಿಗೆ, ಫ್ರೆಂಚಿನಲ್ಲಿ. "ಹೆತ್ತವರನ್ನೆಲ್ಲ ಯಾಕೆ ಎಳೆದು ತರ್ತಾರೆ?"

"ನಿಮ್ಮಂಥ ಮಗಳನ್ನ ಕೊಟ್ಟಿದ್ದಕ್ಕೆ."

ಆಕೆ ಹರೀರಾ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ಅದರೊಳಗೇ ನೋಡುತ್ತ ಕೂತಳು.

ನಾಳೆ ಬೆಳಗ್ಗೆ ಈ ತಂಡ ಊರು ಬಿಡುತ್ತದೆ. ಸಾಕ್ಷಿಗಳು ವಿಮಾನ ಹತ್ತುತ್ತಾರೆ. ಹಮ್ಮಾದಿಗೆ ಉಳಿದದ್ದು ಒಂದು ಊಟದಷ್ಟು ಹೊತ್ತು. ಅವನು ಎದ್ದು ಅಡುಗೆಮನೆ ಕಡೆಗೆ ನಡೆದ.

ಲಾಲ್ಲಾ ತಮೂ ತಗ್ಗು ಮಣೆಯ ಮೇಲೆ ಕೂತು, ಕಾಗದದಷ್ಟು ತೆಳುವಾದ ಹಾಳೆಗಳ ನಡುವೆ ಪಾರಿವಾಳದ ಮಾಂಸ, ಬಾದಾಮಿ ತುಂಬಿ ಬಸ್ತೀಲಾ ಮಡಿಸುತ್ತಿದ್ದಳು. ತಲೆಗೆ ಸುತ್ತಿದ ಬಿಳಿ ಬಟ್ಟೆ ಹೊಗೆಗೆ ಕಂದಿತ್ತು. ತಲೆಯೆತ್ತದೆಯೇ ಕೇಳಿದಳು:

"ಕೈಕೋಳ ತಂದಿದೀಯೋ, ಇಲ್ಲ ಬರೀ ಹೊಟ್ಟೆ ತಂದಿದೀಯೋ?"

"ಖಾಲ್ತಿ..."

ಖಾಲ್ತಿ ಎಂದರೆ ತಾಯಿಯ ತಂಗಿ. ರಕ್ತಸಂಬಂಧ ಏನೂ ಇರಲಿಲ್ಲ. ತಾಯಿ ಅವನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ತಂದೆ ಇದೇ ಮನೆಯ ಕುದುರೆ ಸವಾರ. ಪ್ರವಾಸಿಗಳ ಮುಂದೆ ಬಂದೂಕು ಹಾರಿಸುತ್ತ ಓಡುವ ಆಟದಲ್ಲಿ ಕುದುರೆಯಿಂದ ಬಿದ್ದು ಸತ್ತ. ಮಾತು ಕೂಡ ಸರಿಯಾಗಿ ಬಾರದಿದ್ದ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ತಮೂ ಈ ಒಲೆಯ ಮುಂದೆ ಕೂರಿಸಿಕೊಂಡಳು. ಯಜಮಾನರು ಏನನ್ನುತ್ತಾರೋ ಎಂದು ಎಲ್ಲರೂ ಅಂಜಿದ್ದಾಗ ಮುಲೂದ್ ಒಳಗೆ ಬಂದು ನೋಡಿ, "ಒಂದು ಹೊಟ್ಟೆ ಹೆಚ್ಚಾದ್ರೆ ಹಂಡೆ ಸಣ್ಣದಾಗುತ್ತಾ?" ಎಂದಷ್ಟೇ ಅಂದು ಹೋಗಿದ್ದರು. ಆಮೇಲೆ ಶಾಲೆಗೆ ಹಾಕಿದವರೂ ಅವರೇ.

ಉಣಿಸಿದವಳು ಒಬ್ಬಳು, ಓದಿಸಿದವರು ಒಬ್ಬರು. ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬಳು ಆರೋಪಿಯ ಜಾಗದಲ್ಲಿ.

"ಕೂತ್ಕೋ ಮೊದಲು," ಎಂದಳು ತಮೂ. "ನಿಂತಿರೋ ಪೊಲೀಸರ ಜೊತೆ ನಾನು ಮಾತಾಡಲ್ಲ. ಕುತ್ತಿಗೆ ನೋಯುತ್ತೆ."

ಕೂತ. ಮೇಲೆ ಸಕ್ಕರೆ, ದಾಲ್ಚಿನ್ನಿ ಉದುರಿಸಿದ ಬಸ್ತೀಲಾದ ತುಂಡೊಂದು ಅವನ ಮುಂದೆ ಬಂತು. ಬೇಡ ಎನ್ನುವುದು ಈ ಅಡುಗೆಮನೆಯಲ್ಲಿ ನಡೆಯದ ಮಾತು.

"ಆ ಬುಟ್ಟೀಲಿ ಕಣಗಿಲೆ ಹೆಂಗೆ ಬಂತು ಖಾಲ್ತಿ? ನಿಜ ಹೇಳು."

"ನಂಗೊತ್ತಿದ್ರೆ ಹೇಳ್ತಿರಲಿಲ್ವಾ? ಕಣ್ಣಿಗೆ ಮಂಜು ಕವಿದಿದೆ. ಮಾಚಿಪತ್ರೆ ಅಂದ್ಕೊಂಡು ನಾನೇ ಕೈತಪ್ಪಿ ಹಾಕಿದ್ನೋ ಏನೋ."

"ಕಣಗಿಲೆ ಎಲೆ ಚಾಕು ಇದ್ದಂಗಿರುತ್ತೆ. ಮಾಚಿಪತ್ರೆ ಬೂದಿ ಬಣ್ಣದ ಜೂಲು. ಕುರುಡರು ಮುಟ್ಟಿದ್ರೂ ಗೊತ್ತಾಗುತ್ತೆ."

"ಹಂಗಾದ್ರೆ ನಾನು ಕುರುಡರಿಗಿಂತ ಕಡೆ ಅಂತ ಬರ್ಕೋ."

"ತಮಾಷೆ ಬೇಡ."

ಆಗ ಅವಳು ತಲೆಯೆತ್ತಿದಳು. ಕಣ್ಣ ಕೆಳಗೆ ಹಿಟ್ಟಿನ ಗೆರೆಯಿತ್ತು, ಒರೆಸಿಕೊಂಡ ಗುರುತು.

"ಕೇಳು ಮಗ. ಗಂಡ ಸತ್ತಾಗ ನನ್ನನ್ನ ಕರೆದು ಒಲೆ ಕೊಟ್ಟ ಮನೆ ಇದು. ಆ ಮನುಷ್ಯನ ಚಹಾಕ್ಕೆ ನನ್ನ ಕೈಯಿಂದ ವಿಷ ಬಿದ್ದಿದೆ ಅಂದ್ರೆ, ಗೊತ್ತಿದ್ದು ಬಿತ್ತೋ ಗೊತ್ತಿಲ್ದೆ ಬಿತ್ತೋ, ಶಿಕ್ಷೆ ನನಗೇ ಬರ್ಲಿ. ನೀನು ನನ್ನ ಮುಖ ನೋಡಿ ಕೆಲಸ ಕೆಡಿಸ್ಕೊಂಡ್ರೆ ಇಷ್ಟು ವರ್ಷ ನಾನು ಹಾಕಿದ ಅನ್ನ ಮಣ್ಣುಪಾಲು. ಊಟ ಮುಗೀಲಿ, ನಾನೇ ಜೀಪ್ ಹತ್ತೀನಿ. ಈಗ ತಿನ್ನು. ಆರಿದ್ರೆ ಚೆನ್ನಾಗಿರಲ್ಲ."

ಅವನು ತಿಂದ. ನಾಲಿಗೆ ಮೇಲೆ ಸಕ್ಕರೆ ಕರಗಿತು.

ಅವನು ಡೇರೆಗೆ ಮರಳುವಾಗ ಹೊರಗೆ ಆಟ ಶುರುವಾಗಿತ್ತು. ಬೆಟ್ಟದ ಹಳ್ಳಿಗಳ ಹೆಂಗಸರು ಬಿಳಿ ಉಡುಪಿನಲ್ಲಿ, ಕೊರಳ ತುಂಬ ಹಳದಿ ಮಣಿ ಸರ ಹಾಕಿಕೊಂಡು, ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ಹಾಡುತ್ತಿದ್ದರು. ಸಾಲು ಗಾಳಿಗೆ ಬಾಗಿದ ಗೋಧಿಯಂತೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗುತ್ತಿತ್ತು. ಅವರ ಹಿಂದೆಯೇ ಗ್ನಾವಾ ಮೇಳದವರು ಕಬ್ಬಿಣದ ಚಿಟಿಕೆ ಬಾರಿಸುತ್ತ ಬಂದರು. ಕವಡೆ ಹೊಲಿದ ಟೋಪಿಯ ಕುಚ್ಚು ಗಿರಗಿರನೆ ತಿರುಗಿಸಿ ಒಬ್ಬ ಮುದುಕ ಇನೆಸಳ ಮುಂದೆ ಮಂಡಿಯೂರಿದ.

"ಇವತ್ತು ನಿಮ್ಮ ಹೆಸರಿಗೇ ಹಾಡ್ತಿದೀವಿ ತಾಯಿ," ಎಂದ. "ಸಿ ಮುಲೂದ್ ಉಳಿದ್ರೆ ನಮ್ಮ ಮೇಳ ಉಳೀತು. ಇಲ್ದಿದ್ರೆ ಪಟ್ಟಣದ ಚೌಕದಲ್ಲಿ ಹಾವಾಡಿಗರ ಪಕ್ಕ ಕೂತ್ಕೋಬೇಕಿತ್ತು. ಅವರಾದ್ರೂ ನಮ್ಮನ್ನ ಸೇರಿಸ್ಕೋತಾರಾ? ಹಾವು ಕುಣಿಯೋದು ನಮಗಿಂತ ಚೆನ್ನ."

ಹಮ್ಮಾದಿ ಅದನ್ನು ಫ್ರೆಂಚಿಗೆ ತಿರುಗಿಸಿ ಹೇಳಿದಾಗ ಇಡೀ ಡೇರೆ ನಕ್ಕಿತು. ಅಷ್ಟರಲ್ಲಿ ಬಯಲ ತುದಿಯಿಂದ ಕುದುರೆಗಳು ನುಗ್ಗಿ ಬಂದು, ಸವಾರರು ಒಟ್ಟಿಗೇ ಬಂದೂಕು ಎತ್ತಿ ಒಂದೇ ಸದ್ದಿನಲ್ಲಿ ಹಾರಿಸಿದರು. ಮದ್ದಿನ ವಾಸನೆ ಲಾಂದ್ರಗಳವರೆಗೂ ತೇಲಿ ಬಂತು.

ಆ ಸದ್ದು ಕೇಳಿದಾಗಲೆಲ್ಲ ಅವನಿಗೆ ತಂದೆ ನೆನಪಾಗುತ್ತಿದ್ದ. ಇವತ್ತು ನೆನಪಾದದ್ದು, ಆ ತಂದೆ ಹೋದಮೇಲೂ ತಾನು ಒಂದು ಹೊತ್ತೂ ಹಸಿದು ಮಲಗಲಿಲ್ಲವಲ್ಲ ಎಂಬ ಮಾತು.

ಬೆಳ್ಳಿ ಹರಿವಾಣದಲ್ಲಿ ಚಹಾ ಬಂತು. ಅಣ್ಣನ ಜಾಗದಲ್ಲಿ ಇವತ್ತು ಜಿಲಾಲಿ ಕೂತು, ಕೈ ಎತ್ತರಕ್ಕೆ ಎತ್ತಿ ಲೋಟಗಳಿಗೆ ನೊರೆ ಬರುವಂತೆ ಸುರಿದ. ಸುರಿದು ಮುಗಿಸಿ, ಕುದುರೆಗಳನ್ನು ನೋಡಬೇಕು ಎಂದು ಎದ್ದು ಹೋದ.

ಇನೆಸ್ ಒಂದು ಗುಟುಕು ಕುಡಿದು ಹುಬ್ಬೇರಿಸಿದಳು.

"ಇದರಲ್ಲಿ ಏನೋ ಕಹಿ ಇದೆಯಲ್ಲ?"

"ಮಾಚಿಪತ್ರೆ. ಚಳಿಗೆ ಒಳ್ಳೇದು."

"ಹಿತವಾಗಿದೆ. ಗುರುವಾರವೂ ಇದನ್ನೇ ಕೊಡಬಹುದಿತ್ತು."

ಹಮ್ಮಾದಿಯ ಲೋಟ ತುಟಿಯ ಹತ್ತಿರ ನಿಂತಿತು.

"ಗುರುವಾರ ಇದು ಇರಲಿಲ್ವಾ?"

"ಇಲ್ಲ. ಬರೀ ಪುದೀನ, ಸಕ್ಕರೆ. ಎಷ್ಟು ಸಿಹಿ ಅಂದ್ರೆ ನನ್ನ ಹಲ್ಲು ಜುಮ್ ಅಂತು." ಆಕೆ ತಿರುಗಿ ತನ್ನವರನ್ನು ಕೇಳಿದಳು. ಇಬ್ಬರು ಮೂವರು ತಲೆಯಾಡಿಸಿದರು. ಕಹಿ ಇರಲಿಲ್ಲ. ಇದ್ದಿದ್ದರೆ ಮರೆಯುವ ರುಚಿಯಲ್ಲ.

ದಿನವೂ ಚಹಾ ಮಾಡುವವಳಿಗೆ ಬುಧವಾರದ ಚಹಾ, ಗುರುವಾರದ ಚಹಾ ಎಲ್ಲ ಒಂದೇ. ಈ ಡೇರೆಯಲ್ಲಿ ಎರಡೇ ಸಲ ಚಹಾ ಕುಡಿದವರಿಗೆ ಮಾತ್ರ ಎರಡರ ವ್ಯತ್ಯಾಸ ನೆನಪಿತ್ತು. ಅವರನ್ನು ಇದನ್ನು ಯಾರೂ ಕೇಳಿರಲಿಲ್ಲ.

ಅವನು ಹೆಚ್ಚುಕಡಿಮೆ ಓಡಿಯೇ ಅಡುಗೆಮನೆ ಕಿಟಕಿಗೆ ಬಂದ.

"ಖಾಲ್ತಿ! ಆ ಮಾಚಿಪತ್ರೆ ಯಾವತ್ತು ತಂದಿದ್ದು?"

"ಯಾಕೋ, ಬೆಂಕಿ ಬಿದ್ದಂಗೆ ಕೂಗ್ತೀಯ? ಊರಿಕಾ ಕಣಿವೆ ಕಡೆಯಿಂದ ಸೊಪ್ಪಿನವಳು ತರ್ತಾಳೆ. ಶುಕ್ರವಾರ ಬೆಳಗ್ಗೆ..." ಅವಳ ಕೈಯ ಸೌಟು ನಿಂತಿತು. "ಅಯ್ಯೋ, ಹೌದಲ್ಲ! ಗುರುವಾರ ಬುಟ್ಟಿ ಬರಿದಾಗಿತ್ತು. ಅವಳು ಎರಡು ದಿನ ಬರ್ಲಿಲ್ಲ ಅಂತ ಬಂದಾಗ ಬೈದೆ. ಬುಟ್ಟಿ ಕೊಡವಿ ಇಸ್ಕೊಂಡೆ."

"ಕೊಡವಿದ್ಯಾ? ತಳದಲ್ಲಿ ಏನೂ ಇರಲಿಲ್ವಾ?"

"ಒಂದು ಕಡ್ಡೀನೂ ಇರಲಿಲ್ಲ ಕಣೋ!"

ಇಬ್ಬರೂ ಕಿಟಕಿಯ ಸರಳುಗಳ ನಡುವೆ ಒಬ್ಬರನ್ನೊಬ್ಬರು ನೋಡಿದರು. ಎಲೆಗಳು ಬುಟ್ಟಿಗೆ ಬಿದ್ದದ್ದು ಮುಲೂದ್ ಆಸ್ಪತ್ರೆ ಸೇರಿದ ಮೇಲೆ. ತಮೂಳ ಕೈ ತಪ್ಪಿರಲಿಲ್ಲ. ಅವಳು ಒಲೆಯ ಕಟ್ಟೆಯ ಮೇಲೆ ಹಾಗೇ ಕುಸಿದು ಕೂತು, ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡಳು. "ದೇವರೇ, ನನ್ನ ಕೈ ಅಲ್ಲ. ನನ್ನ ಕೈ ಅಲ್ಲ," ಎನ್ನುತ್ತಿದ್ದದ್ದು ಬೆರಳ ಸಂದಿಯಿಂದ ಕೇಳಿಸಿತು.

ಹಾಗಾದರೆ ವಿಷ ಚಹಾದಲ್ಲೂ ಇರಲಿಲ್ಲ. ಒಂದೇ ಹೂಜಿಯಿಂದ ಎಲ್ಲರೂ ಕುಡಿದಿದ್ದರು, ಮಾಚಿಪತ್ರೆಯಿಲ್ಲದ ಸಿಹಿಯಲ್ಲಿ ಕಣಗಿಲೆಯ ಕಹಿ ಅಡಗುತ್ತಲೂ ಇರಲಿಲ್ಲ. ಹಮ್ಮಾದಿ ಡೇರೆಗೆ ಮರಳಿದ.

"ಚಹಾಕ್ಕೆ ಮೊದಲು ಸಿ ಮುಲೂದ್ ಏನಾದ್ರೂ ತಿಂದಿದ್ದು ನೋಡಿದ್ರಾ?"

"ನಮ್ಮ ಜೊತೆ ಏನೂ ತಿನ್ನಲಿಲ್ಲ," ಎಂದಳು ಇನೆಸ್. "ಕುದುರೆಯವರ ಜೊತೆ ಬೆಂಕಿ ಹತ್ತಿರ ನಿಂತಿದ್ರು. ನನ್ನ ಹತ್ರ ಫೋಟೋ ಇರಬೇಕು. ನಿಮ್ಮ ಜನ ಚಹಾ ಹೊತ್ತಿನ ಫೋಟೋ ಮಾತ್ರ ಕೇಳಿದ್ರು."

ಫೋನಿನ ಪರದೆಯ ಮೇಲೆ ಬೆಂಕಿ ಬೆಳಗಿತು. ಸುತ್ತ ಸವಾರರು. ಒಬ್ಬೊಬ್ಬರ ಕೈಯಲ್ಲೂ ಕೊಬ್ಬು ಸುತ್ತಿ ಸುಟ್ಟ ಕುರಿ ಕಲೀಜದ ತುಂಡುಗಳಿದ್ದ ಕಬ್ಬಿಣದ ಸರಳು. ಮೀಸೆಗಳೆಲ್ಲ ಎಣ್ಣೆಗೆ ಹೊಳೆಯುತ್ತಿದ್ದವು, ಬಾಯೆಲ್ಲ ನಗೆ. ಸ್ವಲ್ಪ ದೂರದಲ್ಲಿ ಬಿಳಿ ನಿಲುವಂಗಿಯ ಮುಲೂದ್ ಒಬ್ಬರೇ ನಿಂತಿದ್ದರು. ಅವರು ನಗುತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಕಬ್ಬಿಣದ ಸರಳಲ್ಲ; ಸಿಪ್ಪೆ ಹೆರೆದ ಹಸಿ ಮರದ ಕಡ್ಡಿ.

ಹಮ್ಮಾದಿ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ಆ ಕಡ್ಡಿಯನ್ನು ಮತ್ತೆ ನೋಡಿದ.

ಈ ಮನೆಯಲ್ಲಿ ಮರದ ಕಡ್ಡಿಯಲ್ಲಿ ಮಾಂಸ ತಿನ್ನುವವನು ಒಬ್ಬನೇ. ಚಿಕ್ಕಂದಿನಲ್ಲಿ ಕಾದ ಸರಳನ್ನು ತುಟಿಗಿಟ್ಟು ಸುಟ್ಟುಕೊಂಡು ಅತ್ತಾಗಿನಿಂದ ತಮೂ ಅವನ ಪಾಲನ್ನು ಕಿತ್ತಳೆ ಮರದ ಕಡ್ಡಿಗೆ ಚುಚ್ಚಿ ಕೊಡುತ್ತಿದ್ದಳು. ಇನ್ಸ್‌ಪೆಕ್ಟರ್ ಆದಮೇಲೂ ಬಿಟ್ಟಿರಲಿಲ್ಲ. ಸವಾರರು ಈಗಲೂ ಆಡಿಕೊಳ್ಳುತ್ತಿದ್ದರು.

ಫೋಟೋದಲ್ಲಿದ್ದದ್ದು ಹಮ್ಮಾದಿಯ ಕಡ್ಡಿ.

ಜಿಲಾಲಿ ಲಾಯದ ಹತ್ತಿರ ಒಂದು ಬಿಳಿ ಕುದುರೆಯ ಬೆನ್ನು ಉಜ್ಜುತ್ತಿದ್ದ. ಬೆಂಕಿಯ ಬಳಿ ಸವಾರರ ಗದ್ದಲ ಕೇಳುತ್ತಿತ್ತು. ಹಮ್ಮಾದಿ ಬಂದದ್ದನ್ನು ನೋಡಿಯೂ ಅವನು ಕೈ ನಿಲ್ಲಿಸಲಿಲ್ಲ.

"ಊಟ ಚೆನ್ನಾಗಿತ್ತಾ?"

"ಇವತ್ತು ಒಳ್ಳೇ ಮಾತಾಡಿದೆ ಜಿಲಾಲಿ. ಉಪಕಾರ, ಹೆತ್ತವರು, ಕರುಣೆ."

"ಮನಸ್ಸಿಂದ ಬಂದದ್ದು."

"ಚಿಕ್ಕವನಿದ್ದಾಗ ನಿಂಗೆ ಜ್ವರ ಬಂದ್ರೆ ಯಾರು ಗಂಜಿ ಕಾಯಿಸಿ ಕುಡಿಸ್ತಿದ್ರು?"

ಉಜ್ಜುವ ಕೈ ನಿಧಾನವಾಯಿತು.

"ಖಾಲ್ತಿ ತಮೂ."

"ಅವಳ ಬುಟ್ಟಿಗೆ ಎಲೆ ಹಾಕೋವಾಗ ಅದು ನೆನಪಾಗ್ಲಿಲ್ವಾ?"

"ಏನು ಮಾತಾಡ್ತಿದೀಯ ನೀನು!"

"ಎಲೆಗಳ ಜೊತೆ ಬಾರ್ಲಿ ಹೊಟ್ಟು ಅಂಟಿತ್ತು. ಅಡುಗೆಮನೆಗೆ ಬಾರ್ಲಿ ಹೊಟ್ಟು ಎಲ್ಲಿಂದ ಬರುತ್ತೆ? ನಾನು ದಡ್ಡ, ಸೊಪ್ಪಿನ ಜೊತೆ ಬಂದ ಕಸ ಅಂದ್ಕೊಂಡೆ. ಎಲೆ ಬಿದ್ದದ್ದು ಶುಕ್ರವಾರ. ಹೊಟ್ಟು ನಿನ್ನ ಲಾಯದ್ದು. ಈಗ ನೀನೇ ಹೇಳ್ತೀಯೋ, ಇಲ್ಲಾ ಸವಾರರನ್ನ ಕರೆದು ಅವರೆದುರಿಗೆ ಕೇಳ್ಲೋ?"

ಜಿಲಾಲಿ ಬ್ರಷ್ ಕೆಳಗಿಟ್ಟ. ಆ ದೊಡ್ಡ ಮೈ ಕುದುರೆಯ ಕುತ್ತಿಗೆಗೆ ಒರಗಿತು.

"ಅಣ್ಣನಿಗೆ ನಾನು ಏನೂ ಮಾಡ್ಲಿಲ್ಲ. ಈ ಪ್ರಾಣಿ ಮೇಲೆ ಆಣೆ."

"ಅದನ್ನ ನಾನು ಕೇಳ್ಲಿಲ್ಲ."

"ಶುಕ್ರವಾರ ಬೆಳಗ್ಗೆ ನೀರಿನ ತೊಟ್ಟಿ ಪಕ್ಕ ಎಲೆ ಬಿದ್ದಿತ್ತು. ಕಣಗಿಲೆ ಎಲೆ, ಹೆರೆದ ಸಿಪ್ಪೆ. ಕುದುರೆ ಬಾಯಿ ಹಾಕಿದ್ರೆ ಸತ್ತೇ ಹೋಗ್ತಿತ್ತು. ಎತ್ತಿ ಕೈಯಲ್ಲಿ ಹಿಡ್ಕೊಂಡಿದ್ದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ಕಣಗಿಲೆ ವಿಷ ಅಂತ." ಅವನು ಅಂಗೈ ನೋಡಿಕೊಂಡ. "ಲಾಯ ನನ್ನದು, ಎಲೆ ನನ್ನ ಕೈಯಲ್ಲಿ. ಅಣ್ಣ ತಮ್ಮಂದಿರ ನಡುವೆ ಮಾತಿಗೆ ಮಾತು ಬಂದಿರೋದು ಊರಿಗೆಲ್ಲ ಗೊತ್ತು. ನಿಮ್ಮ ಜೀಪ್ ಬರೋ ಸದ್ದು ಕೇಳ್ತು. ಅಡುಗೆಮನೇಲಿ ಯಾರೂ ಇರಲಿಲ್ಲ. ಬುಟ್ಟಿ ಕಾಣಿಸ್ತು. ತುರುಕ್ಬಿಟ್ಟೆ. ಅದು ಅವಳ ತಲೆಗೆ ಬರುತ್ತೆ ಅಂತ ಆ ಗಳಿಗೇಲಿ ಹೊಳೀಲಿಲ್ಲ."

"ಆಮೇಲೆ ಹೊಳೀತಲ್ಲ?"

"ಹೊಳೀತು. ಆಮೇಲೆ ಬಾಯಿ ಬರ್ಲಿಲ್ಲ. ಇವತ್ತು ಎಲ್ಲರೆದುರು ಉಪಕಾರ ಅಂತ ಮಾತಾಡೋವಾಗ ನಾಲಿಗೆ ಸೀದು ಹೋದಂಗಾಯ್ತು."

ಹಮ್ಮಾದಿಗೆ ಹೊಡೆಯಬೇಕು ಅನ್ನಿಸಿತು. ಆದರೆ ಅದಕ್ಕಿಂತ ಮೊದಲು ಎದೆಯಲ್ಲಿ ಏನೋ ಹಗುರಾಗಿ, ಅಳು ಬರುವಂತಾಯಿತು. ಖಾಲ್ತಿ ಜೀಪ್ ಹತ್ತಬೇಕಾಗಿಲ್ಲ.

"ಗುರುವಾರ ಬೆಂಕಿ ಹತ್ರ ನಡೆದದ್ದು ಹೇಳು. ಒಂದೂ ಬಿಡ್ದೆ."

"ನಿನ್ನ ತಟ್ಟೆ ಮಾಮೂಲಿನಂಗೆ ಬೆಂಕಿ ಬದಿಗೆ ಇಟ್ಟಿತ್ತು, ಮೇಲೆ ರೊಟ್ಟಿ ಮುಚ್ಚಿ. ನೀನು ಬರ್ಲಿಲ್ಲ."

"ಠಾಣೇಲಿ ಕೆಲಸ ಇತ್ತು. ಬರ್ತೀನಿ, ತಡ ಆಗುತ್ತೆ ಅಂತ ಹೇಳಿ ಕಳ್ಸಿದ್ದೆ."

"ಅದೇ. ಅಣ್ಣ ಬಂದು ನಿಂತ. ಆ ತಟ್ಟೇನೇ ನೋಡ್ತಿದ್ದ. ಆಮೇಲೆ, ಹಮ್ಮಾದಿ ಬರೋದ್ರೊಳಗೆ ಆರಿ ಹೋಗುತ್ತೆ, ನಾನೇ ತಿಂತೀನಿ ಅಂತ ಎತ್ಕೊಂಡ. ನಮ್ಮ ಸವಾರ ಬೊಖಾರಿ ಒಂದು ತುಂಡು ಕೊಡಿ ಸಿ ಮುಲೂದ್ ಅಂತ ಕೈ ಚಾಚಿದ್ರೆ, ಪಟ್ಟಂತ ಅವನ ಕೈಗೆ ಹೊಡೆದ." ಜಿಲಾಲಿ ತಲೆ ಅಲ್ಲಾಡಿಸಿದ. "ನಮ್ಮಣ್ಣ ಕಣೋ! ತನ್ನ ಬಾಯಿಂದ ತೆಗೆದು ಬೇರೆಯವರಿಗೆ ಕೊಡೋ ಮನುಷ್ಯ. ಯಾರಿಗೂ ಒಂದು ಚೂರು ಕೊಡಲಿಲ್ಲ. ನಿಂತ ಕಾಲಲ್ಲೇ ಎಲ್ಲಾ ತಿಂದು, ಕಡ್ಡೀನ ಬೆಂಕಿಗೆ ಹಾಕಿ, ಚಹಾ ಸುರಿಯೋಕೆ ಹೋದ."

ಹಮ್ಮಾದಿ ಅಡುಗೆಮನೆಯ ಕಡೆ ಕೈ ತೋರಿಸಿದ.

"ಹೋಗು," ಎಂದ. "ಖಾಲ್ತಿ ಮುಂದೆ ಹೋಗಿ ನೀನೇ ಬಾಯಿ ಬಿಟ್ಟು ಹೇಳು. ಠಾಣೆ ಆಮೇಲೆ."

ಹಮ್ಮಾದಿ ಕಮಿಷನರಿಗೆ ಫೋನ್ ಮಾಡಿ ಮುಗಿಸಿ ಒಳಗೆ ಬರುವ ಹೊತ್ತಿಗೆ ಜಿಲಾಲಿ ತಮೂಳ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಅವಳು ಅವನ ಕಿವಿ ಹಿಂಡಿ ಹಿಡಿದಿದ್ದಳು. ಅಷ್ಟೆತ್ತರದ ಗಂಡಸು ಅಯ್ಯೋ ಅಯ್ಯೋ ಎನ್ನುತ್ತಿದ್ದ.

"ಗಂಜಿ ಕುಡಿಸಿದ ಕೈಗೆ ಕೋಳ ಹಾಕ್ಸೋಕೆ ಹೊರಟಿದ್ಯಾ ಕತ್ತೆ? ಎದೆಗೂಡಲ್ಲಿ ಬಾರ್ಲಿ ಹೊಟ್ಟೇ ತುಂಬ್ಕೊಂಡಿದೀಯಾ?" ಎಂದು ಬೈದು, ಮರುಗಳಿಗೆ ಅವನ ತಲೆಯನ್ನು ಎಳೆದು ಹಣೆಗೆ ಮುತ್ತಿಟ್ಟಳು. "ಹೋಗು. ನಿನ್ನಣ್ಣ ಉಳೀಲಿ, ನಂಗಷ್ಟೇ ಸ್ವರ್ಗ."

ಜಿಲಾಲಿ ಕಣ್ಣೊರೆಸಿಕೊಂಡು ಹೊರಗೆ ಹೋದ. ಬಾಗಿಲಲ್ಲಿ ಇನೆಸ್ ನಿಂತಿದ್ದಳು. ನಡೆದದ್ದನ್ನು ಹಮ್ಮಾದಿ ಎರಡು ಮಾತಿನಲ್ಲಿ ಹೇಳಿದ್ದ. ತಮೂ ಎದ್ದು ಹೋಗಿ, ಒಂದು ಮಾತೂ ಗೊತ್ತಿಲ್ಲದ ಆ ಹೆಂಗಸಿನ ಎರಡೂ ಕೈ ಹಿಡಿದು, ಅಂಗೈಗೆ ತುಟಿ ಒತ್ತಿದಳು. ಇನೆಸ್ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ತಮೂ ತನ್ನ ಭಾಷೆಯಲ್ಲಿ. ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ನಕ್ಕರು. ಹೊರಗೆ ಹೆಂಗಸರ ಸಾಲು ಮತ್ತೆ ಹಾಡು ಎತ್ತಿಕೊಂಡಾಗ ಇನೆಸ್ ಆ ಕಡೆ ಹೋದಳು.

"ಬಾ ಮಗ," ಎಂದಳು ತಮೂ. ಮುಖ ಬೆಳಗಿತ್ತು. ತಟ್ಟೆಯಿಂದ ಜಿಂಕೆಕೊಂಬಿನಂತೆ ಬಾಗಿದ ಬಾದಾಮಿ ಕಡುಬೊಂದನ್ನು ಎತ್ತಿ ಅವನ ಕೈಗಿಟ್ಟಳು. "ಬಾಯಿ ಸಿಹಿ ಮಾಡ್ಕೋ. ನನ್ನ ಮಾನ ಉಳಿಸ್ದೆ."

ಅವನು ಕಚ್ಚಿದ. ಎರಡು ದಿನದ ಮೇಲೆ ಮೊದಲ ಸಲ ಹಸಿವಾಗಿತ್ತು. ಕೇಳಬೇಕಾದ ಮಾತೊಂದು ಉಳಿದಿತ್ತು, ಕೇಳಲು ಮನಸ್ಸಿರಲಿಲ್ಲ.

"ಖಾಲ್ತಿ, ವಿಷ ಇದ್ದದ್ದು ಚಹಾದಲ್ಲಲ್ಲ. ಕಡ್ಡೀಲಿ. ನನ್ನ ಕಡ್ಡೀಲಿ. ಹಸಿ ಕಣಗಿಲೆ ಕಡ್ಡಿಗೆ ಮಾಂಸ ಚುಚ್ಚಿ ಸುಟ್ಟಿದ್ರು. ಆ ಕಡ್ಡಿ ನೀನು ಕಡಿದದ್ದಾ?"

ಅವಳ ಮುಖದ ಬೆಳಕು ಆರಿತು.

"ಇಲ್ಲ. ಗುರುವಾರ ನನ್ನ ಹತ್ರ ಕಡ್ಡಿ ಮುಗಿದಿತ್ತು. ಕೊಟ್ರು ನನಗೆ. ಕೆತ್ತಿ, ನುಣ್ಣಗೆ ಮಾಡಿ, ತಂದು ಕೊಟ್ರು. ನನ್ನ ಈ ಹಾಳು ಕಣ್ಣಿಗೆ ಯಾವ ಮರ ಅಂತ ಏನು ತಿಳಿಯುತ್ತೆ? ನಿನ್ನ ಹುಡುಗನಿಗೆ ಇದಕ್ಕೇ ಚುಚ್ಚು ತಮೂ ಅಂದ್ರು."

"ಯಾರು?"

ಅವಳು ಬಾಗಿಲ ಕಡೆ ನೋಡಿದಳು.

"ಯಾರು ಖಾಲ್ತಿ?"

"ಸಿ ಮುಲೂದ್," ಎಂದಳು. "ಅವರೇ. ಕೈ ನಡುಗ್ತಿತ್ತು ಕಣೋ. ಚಳಿಗೆ ಅಂದ್ಕೊಂಡೆ."

ಕಣಗಿಲೆಯನ್ನು ಗುರುತಿಸದವನು ಈ ಸೀಮೆಯಲ್ಲಿ ಹುಟ್ಟಿಲ್ಲ. ಸಿ ಮುಲೂದ್ ತಿಳಿದೇ ಕೆತ್ತಿದ್ದರು, ಹಮ್ಮಾದಿಗಾಗಿ. ತಿಳಿದೇ ತಿಂದಿದ್ದರು, ಅವನ ಬದಲು. ಪಕ್ಕದಲ್ಲೇ ಬೆಂಕಿ ಉರಿಯುತ್ತಿತ್ತು. ಮಾಂಸವನ್ನು ಅದಕ್ಕೆ ಎಸೆದಿದ್ದರೆ ಮುಗಿಯುತ್ತಿತ್ತು. ಎಸೆಯಲಿಲ್ಲ. ಈ ಕೆಲಸವನ್ನು ಅವರಿಂದ ಬೆದರಿಸಿ ಮಾಡಿಸಿದ ಯಾರೋ, ತಟ್ಟೆ ಖಾಲಿಯಾಗುವುದನ್ನು ನೋಡಲು ಅಲ್ಲೇ ನಿಂತಿದ್ದರೆ?

ಜೇಬಿನಲ್ಲಿ ಮೊಬೈಲ್ ಕಂಪಿಸಿತು. ಆಸ್ಪತ್ರೆಯ ಕಾವಲಿಗೆ ಹಾಕಿದ್ದ ಪೇದೆ.

"ಸಾರ್, ಸಿ ಮುಲೂದ್ ಕಣ್ಣು ಬಿಟ್ರು!"

"ದೇವರು ದೊಡ್ಡವನು," ಎಂದ ಹಮ್ಮಾದಿ. ಅವನಿಗೆ ಗೊತ್ತಿಲ್ಲದೆಯೇ ಕಣ್ಣು ತುಂಬಿತು. ವಿಷ ಕೆತ್ತಿದ ಕೈಯೋ, ವಿಷ ಕಸಿದುಕೊಂಡ ಕೈಯೋ, ಆ ಮನುಷ್ಯ ಉಳಿದನಲ್ಲ.

"ಹೆಂಡತೀನ ಕೇಳ್ಲಿಲ್ಲ, ತಮ್ಮನ್ನ ಕೇಳ್ಲಿಲ್ಲ ಸಾರ್. ನಿಮ್ಮ ಹೆಸರೇ ಹೇಳ್ತಿದಾರೆ. ಒಂದೇ ಮಾತು, ಮತ್ತೆ ಮತ್ತೆ ಅದೇ."

"ಏನಂತೆ?"

"ಹಮ್ಮಾದಿ ಆ ಮನೇಲಿ ಇನ್ನು ಒಂದು ತುತ್ತೂ ತಿನ್ನಬಾರದು. ನನ್ನ ಕೈಲಿ ಕಡ್ಡಿ ಕೆತ್ತಿಸಿದವರು ಇನ್ನೊಂದು ಸಲ ವಿಷ ಕಳಿಸ್ತಾರೆ, ಅಂತ."

ಹಮ್ಮಾದಿ ನಿಧಾನವಾಗಿ ಫೋನ್ ಇಳಿಸಿದ. ಇನ್ನೊಂದು ಕೈಯಲ್ಲಿ ಅರ್ಧ ಕಡುಬು ಉಳಿದಿತ್ತು.

"ಖಾಲ್ತಿ, ಇದು ನೀನು ಮಾಡಿದ್ದು ತಾನೇ?"

"ನಾನೆಲ್ಲಿ ಮಾಡ್ಲಿ ಇವತ್ತಿನ ಗಡಿಬಿಡೀಲಿ?" ಎಂದಳು ತಮೂ, ಇನ್ನೂ ಕಣ್ಣೊರೆಸಿಕೊಳ್ಳುತ್ತ. "ಸಂಜೆ ಯಾರೋ ಬಾಗಿಲಲ್ಲಿ ಕೊಟ್ಟು ಹೋದ್ರು. ಇನ್ಸ್‌ಪೆಕ್ಟರ್ ಹಮ್ಮಾದಿಗೆ, ಅಂತ ಹೇಳಿ."